ಗೆರೆ ಕಾಣಲಿ ಎನ್ನುವ ಮಗಳು

"ಇನ್ಮೇಲೆ ನಿನ್ನ ಚಿತ್ರಕ್ಕೆ ನಾನು ಕೈ ಹಾಕಲ್ಲ ಕಣಮ್ಮಾ. ಸತ್ತರೂ ಹಾಕಲ್ಲ."

ಗೋಡೆಗೆ ಬಣ್ಣ ಬಳಿಯುವ ಅಪ್ಪ ತನ್ನ ಐದನೇ ಕ್ಲಾಸಿನ ಮಗಳಿಗೆ ಈ ಮಾತು ಕೊಟ್ಟದ್ದು ಶಾಲೆಯ ಗೇಟಿನ ಪಕ್ಕದಲ್ಲಿ, ಕೆಲಸದ ಅಂಗಿಯಲ್ಲೇ, ಕೈಯಲ್ಲಿದ್ದ ಬಣ್ಣದ ಡಬ್ಬವನ್ನು ಕೆಳಗಿಡುವುದನ್ನೂ ಮರೆತು. ಮಗಳ ಅಳು ನಿಲ್ಲಲಿ ಎಂದು ಕೊಟ್ಟ ಮಾತು. ಅಳು ಸಂಜೆಯೊಳಗೆ ನಿಂತಿತು. ಮಾತು ಮೂವತ್ತು ವರ್ಷ ದಾಟಿಯೂ ನಿಂತೇ ಇತ್ತು.

ಆ ಮಗಳು ಈಗ ಊರಿನ ಚಿತ್ರಶಾಲೆಯಲ್ಲಿ ಮಕ್ಕಳಿಗೆ ಚಿತ್ರ ತೋರಿಸುವ ಕೆಲಸದಲ್ಲಿದ್ದಾರೆ. ಗೋಡೆಯ ಮೇಲಿನ ಫಲಕಗಳಲ್ಲಿ ಕಲಾವಿದರ ಹೆಸರಿದೆ, ಚಿತ್ರ ಕೊಟ್ಟವರ ಹೆಸರಿದೆ, ಕಟ್ಟಡ ಕಟ್ಟಿಸಿದವರ ಹೆಸರಂತೂ ಕಲ್ಲಿನಲ್ಲೇ ಇದೆ. ಇವರ ಹೆಸರು ಎಲ್ಲಿಯೂ ಇಲ್ಲ. ಮಕ್ಕಳು ಇಟ್ಟ ಹೆಸರು ಮಾತ್ರ ಇದೆ: ಕೈ ಮಿಸ್.

ಶನಿವಾರ, ಬೆಳಕು ಹರಿಯುವ ಹೊತ್ತು. ಹಿಂಬಾಗಿಲ ಚಿಲಕ ತೆಗೆಯುವ ಕಾವಲುಗಾರ ಇನ್ನೂ ಆಕಳಿಸುತ್ತಿದ್ದಾರೆ. ಕೈ ಮಿಸ್ ಹೆಗಲಿನ ಬಟ್ಟೆಚೀಲ ಇಳಿಸಿ, ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ನೇರ ಒಳಕೋಣೆಗೆ ನಡೆಯುತ್ತಾರೆ. ಕಿಟಕಿಯ ಪರದೆಯನ್ನು ಒಂದು ಗೇಣು ಸರಿಸುತ್ತಾರೆ. ಆಗತಾನೇ ಹುಟ್ಟಿದ ಬೆಳಕು ಗೋಡೆಯನ್ನು ಸವರಿಕೊಂಡು ಅಡ್ಡಡ್ಡ ಹರಿಯುತ್ತದೆ, ಅಲ್ಲಿರುವ ದೊಡ್ಡ ಚಿತ್ರದ ಮೈಮೇಲೆ ಪುಟ್ಟ ಪುಟ್ಟ ನೆರಳುಗಳು ಏಳುತ್ತವೆ. ಮಧ್ಯಾಹ್ನ ನೋಡಿದರೆ ಅದು ಒಬ್ಬ ಹೆಂಗಸು ಬಿಳಿ ಹಾಸುಬಟ್ಟೆಗಳನ್ನು ಹಗ್ಗದ ಮೇಲೆ ಒಣಹಾಕುತ್ತಿರುವ ಚಿತ್ರ. ಬಟ್ಟೆ ಗಾಳಿಗೆ ಹಾರುತ್ತಿದೆ, ಅವಳು ಹಲ್ಲುಕಚ್ಚಿ ಅದರ ಅಂಚು ಹಿಡಿದಿದ್ದಾಳೆ. ಈ ಹೊತ್ತಿನಲ್ಲಿ ನೋಡಿದರೆ ಅದು ಆಗಷ್ಟೇ ಉತ್ತ ಹೊಲ. ಬಣ್ಣದಲ್ಲಿ ಸಾಲುಗಳಿವೆ, ದಿಣ್ಣೆಗಳಿವೆ, ಕುಂಚ ತಿರುಗಿದ ಕಡೆಯಲ್ಲೆಲ್ಲ ಮಡಿಕೆಗಳಿವೆ.

ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕೆನ್ನೆ ಗೋಡೆಗೆ ತಾಗುವಷ್ಟು ಬಾಗಿ, ಪಕ್ಕದಿಂದ ನೋಡುತ್ತಾರೆ. ಬಂದ ಮಕ್ಕಳಿಗೆ ಇವತ್ತು ಯಾವ ಗೆರೆ ತೋರಿಸಬೇಕು ಎಂದು ಆರಿಸಿಕೊಳ್ಳುವ ಹೊತ್ತು ಇದು. ಸೂರ್ಯ ಮೇಲೇರಿದರೆ ನೆರಳು ಹೋಗುತ್ತದೆ, ಪರದೆಯನ್ನೂ ಮುಚ್ಚಬೇಕು.

"ಇಲ್ನೋಡಿ, ಇಲ್ಲಿ ಬಣ್ಣ ಮುಗಿದುಹೋಗಿದೆ. ಕುಂಚ ಒಣಗಿ ಕೆರೆದಿದೆ. ಆದ್ರೂ ಆ ಮನುಷ್ಯ ಕೈ ಎತ್ತಿಲ್ಲ. ಎತ್ತಿ ಬಣ್ಣ ಅದ್ದಿಕೊಂಡು ಬರೋಷ್ಟರಲ್ಲಿ ಗಾಳಿ ನಿಂತುಬಿಟ್ರೆ ಅಂತ ಹೆದರಿಕೆ ಇತ್ತೇನೋ" ಎಂದು ಬಾಗಿಲಲ್ಲಿ ನಿಂತ ಕಾವಲುಗಾರರ ಕಡೆ ಪಿಸುಗುಡುತ್ತಾರೆ. ಚಿತ್ರಕ್ಕೆ ಕೇಳಿಸೀತು ಎನ್ನುವ ಹಾಗೆ.

ಕಾವಲುಗಾರರಿಗೆ ಇದೆಲ್ಲ ಮಾಮೂಲು. ಆ ಚಿತ್ರವನ್ನು ಎಷ್ಟೋ ವರ್ಷ ಕಾದಿದ್ದೇನೆ, ಒಂದು ದಿನವೂ ಹೀಗೆ ನೋಡಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. "ಮಗು ತಲೇಲಿ ಹೇನು ನೋಡೋ ಹಾಗೆ ನೋಡ್ತಾರೆ ನಮ್ಮ ಮಿಸ್ಸು."

ಮಕ್ಕಳು ಬರುವುದು ಬಸ್ಸುಗಳಲ್ಲಿ. ಒಂದು ಶಾಲೆ ಹೊರಡುವ ಮೊದಲೇ ಇನ್ನೊಂದು ಶಾಲೆ ಮೆಟ್ಟಿಲ ಮೇಲಿರುತ್ತದೆ. ಜೊತೆಗೆ ಬಂದ ಮೇಷ್ಟರುಗಳಿಗೆ ಊಟದ ಹೊತ್ತಿನೊಳಗೆ ಎಲ್ಲ ಕೋಣೆ ಮುಗಿಸುವ ಅವಸರ. 'ಮುಟ್ಟಬೇಡಿ', 'ಒರಗಬೇಡಿ', 'ಓಡಬೇಡಿ' ಎನ್ನುವ ಹಲಗೆಗಳ ನಡುವೆ ಮಕ್ಕಳು ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಜೇಬಿಗೆ ತುರುಕಿಕೊಂಡು ನಿಂತಿರುತ್ತಾರೆ. ಕೈ ಮಿಸ್ ಮೊದಲು ಆ ಕೈಗಳನ್ನು ಹೊರಗೆ ತೆಗೆಸುತ್ತಾರೆ.

ಅದಕ್ಕೇ ಆ ಬಟ್ಟೆಚೀಲ. ಅದರ ತುಂಬ ಅಂಗೈಯಗಲದ, ಸ್ಲೇಟಿನಗಲದ ಮರದ ಹಲಗೆಗಳು. ಒಂದರಲ್ಲಿ ಹಾಸುಬಟ್ಟೆಯ ಮೂಲೆ, ಒಂದರಲ್ಲಿ ಮೋಡದ ಹೊಟ್ಟೆ, ಇನ್ನೊಂದರಲ್ಲಿ ಕುದುರೆಯ ಕಿವಿ ಮಾತ್ರ. ಚಿತ್ರಶಾಲೆಯ ಚಿತ್ರಗಳ ತುಣುಕುಗಳನ್ನು ಅವರೇ ಮನೆಯಲ್ಲಿ, ಅಷ್ಟೇ ದಪ್ಪ ಬಣ್ಣದಲ್ಲಿ, ಕುಂಚವನ್ನು ಅದೇ ದಿಕ್ಕಿನಲ್ಲಿ ಎಳೆದು ಮಾಡಿದ್ದಾರೆ. ಅಡುಗೆ ಮುಗಿಸಿ, ಪಾತ್ರೆ ತೊಳೆದು, ಹೈಸ್ಕೂಲಿನ ಮಗಳಿಗೆ ಬುತ್ತಿ ಕಟ್ಟಿ ಉಳಿದ ಹೊತ್ತಿನಲ್ಲಿ ಮಾಡಿದ್ದು. ಇವು ಮುಟ್ಟುವ ಹಲಗೆಗಳು. ಮಕ್ಕಳ ಕಣ್ಣು ಬೆರಳ ತುದಿಯಲ್ಲಿರುತ್ತದೆ ಎನ್ನುವುದು ಅವರ ನಂಬಿಕೆ. ಮೊದಲು ಬೆರಳಿಗೆ ಗೊತ್ತಾಗಬೇಕು, ಆಮೇಲೆ ಗೋಡೆಯ ಚಿತ್ರ ತಾನಾಗಿ ಕಾಣುತ್ತದೆ.

ಮೊದಲ ದೂರು ಪ್ರತಿ ಸಲವೂ ಒಂದೇ: ಈ ಚಿತ್ರ ನೀಟಾಗಿಲ್ಲ. ಆ ದೂರಿಗೇ ಅವರು ಕಾಯುತ್ತಿರುತ್ತಾರೆ. ಎಲ್ಲರನ್ನೂ ಹಿಂದೆ ಸರಿಸುತ್ತಾರೆ, ಬಟ್ಟೆ ಬಟ್ಟೆಯಾಗಿ ಕಾಣುವವರೆಗೆ. ಮತ್ತೆ ಮುಂದೆ ಕರೆಯುತ್ತಾರೆ, ಬಟ್ಟೆ ಹೋಗಿ ಬರೀ ಕಲಸುಮೇಲೋಗರ ಉಳಿಯುವವರೆಗೆ. ಎಲ್ಲಿ ನಿಂತಾಗ ಬಟ್ಟೆ ಮಾಯವಾಯಿತು ಎಂದು ಮಕ್ಕಳು ಜಗಳಕ್ಕೇ ಬೀಳುತ್ತಾರೆ.

"ಒದ್ದೆ ನೆಲದ ಮೇಲೆ ಯಾರೋ ನಡೆದುಹೋದ್ರೆ ನೀವು ನೋಡಿಲ್ಲದಿದ್ರೂ ಗೊತ್ತಾಗುತ್ತಲ್ಲ, ಓಡಿದ್ರಾ, ಕುಂಟಿದ್ರಾ, ಭಾರ ಹೊತ್ತಿದ್ರಾ ಅಂತ? ಇದೂ ಹಾಗೇ. ಇವು ಕುಂಚದ ಹೆಜ್ಜೆ" ಎನ್ನುತ್ತಾರೆ ಮಿಸ್. ಗೆರೆ ಶುರುವಾದಲ್ಲಿ ಕುಂಚ ಒತ್ತಿದ ಗುಳಿ ಇದೆ; ಮುಗಿದಲ್ಲಿ ಬಣ್ಣ ಗುಡ್ಡೆಯಾಗಿ ಕೂತಿದೆ; ಒಂದು ಕಡೆ ಕುಂಚದ ಕೂದಲೇ ಅಂಟಿಕೊಂಡಿದೆ. ಅದನ್ನು ಮೊದಲು ಕಂಡ ಮಗುವಿಗೆ ಆ ದಿನದ ರಾಜ್ಯಭಾರ.

ಆಮೇಲೆ ಒಂದು ಗೆರೆ ಆರಿಸಿ, ಎಲ್ಲರೂ ತೋಳೆತ್ತಿ ಗಾಳಿಯಲ್ಲಿ ಅದೇ ಗೆರೆ ಎಳೆಯಬೇಕು. ಶುರುವಲ್ಲಿ ಒತ್ತು, ನಡುವೆ ಓಟ, ಕೊನೆಗೆ ಮಣಿಕಟ್ಟಿನ ತಿರುವು. ಆ ಚಿತ್ರ ಬರೆದವನು ಸತ್ತು ಎಷ್ಟೋ ಕಾಲವಾಗಿದೆ. ಅವನ ತೋಳು ಅಷ್ಟೂ ಮಕ್ಕಳ ಹೆಗಲುಗಳಿಂದ ಒಂದು ಗಳಿಗೆ ಮತ್ತೆ ಆಡುತ್ತದೆ. ಗದರುವ ಮೇಷ್ಟರುಗಳೂ ಆಗ ಸುಮ್ಮನಾಗುತ್ತಾರೆ. ಕೆಲವರ ಬೆರಳು ಪ್ಯಾಂಟಿನ ಪಕ್ಕದಲ್ಲಿ ಸಣ್ಣಗೆ ಆಡುವುದೂ ಉಂಟು.

'ಕೈ ಎಲ್ಲಿದೆ, ಹುಡುಕಿ' ಎಂದು ಹೇಳಿ ಹೇಳಿಯೇ ಕೈ ಮಿಸ್ ಆದದ್ದು. ಹಲಗೆಗಳ ಚೀಲ ಎತ್ತುವಾಗಲೆಲ್ಲ ಕಾವಲುಗಾರರು, ಕೈ ಮಿಸ್ ಆಗಿಬಿಟ್ಟೀತು ಜೋಕೆ ಎಂದು ಹಳೆಯ ಹಾಸ್ಯವನ್ನೇ ಹೊಸದಾಗಿ ಹೇಳಿ ತಾವೇ ನಗುತ್ತಾರೆ. ದೊಡ್ಡ ತರಗತಿಯ ಮಕ್ಕಳಾದರೆ ಮಿಸ್ ಪೊಲೀಸರ ಗತ್ತಿನಲ್ಲಿ ಹುಬ್ಬು ಗಂಟಿಕ್ಕಿ, ಈ ಚಿತ್ರದಲ್ಲಿ ಯಾರದ್ದೋ ಕೈವಾಡ ಇದೆ, ಪತ್ತೆ ಮಾಡಿ ಎನ್ನುತ್ತಾರೆ. ಕೋಣೆ ನಗೆಯಲ್ಲಿ ಮುಳುಗುತ್ತದೆ.

ಕೈವಾಡ ಎನ್ನುವ ಆ ಪದವನ್ನು ಅವರು ಮೊದಲ ಸಲ ಕೇಳಿದಾಗ ಯಾರೂ ನಕ್ಕಿರಲಿಲ್ಲ.

ಐದನೇ ಕ್ಲಾಸು. ಶಾಲೆಯಲ್ಲಿ ಚಿತ್ರದ ಸ್ಪರ್ಧೆ. ಅಪ್ಪನ ಡಬ್ಬಗಳ ತಳದಲ್ಲಿ ಉಳಿದ ಡಿಸ್ಟೆಂಪರನ್ನು ಕೆರೆದು ತೆಗೆದು, ಹುಡುಗಿ ತಮ್ಮ ಬೀದಿಯನ್ನೂ ಅದರ ಮೇಲಿನ ಆಕಾಶವನ್ನೂ ಬರೆದಿದ್ದಳು. ಕುಂಚ ಒರಟು. ಆಕಾಶದ ತುಂಬ ಗೆರೆಯೋ ಗೆರೆ, ಮಳೆಗೆ ಮುಂಚಿನ ಗಾಳಿ ಹಾಗೆಯೇ ಓಡಾಡುತ್ತಿತ್ತು ಎಂದು ಅವರಿಗೆ ಈಗಲೂ ನೆನಪು. ಬೆಳಗ್ಗೆ ಬೇಗ ಎದ್ದು ಕೆಲಸಕ್ಕೆ ಹೊರಟ ಅಪ್ಪನ ಕಣ್ಣಿಗೆ ಮೇಜಿನ ಮೇಲಿದ್ದ ಚಿತ್ರ ಬಿತ್ತು. ಮಗು ಗೆರೆಗೆರೆಯಾಗಿ ಬಳಿದಿದೆ, ನಾಕು ಜನ ನಗುತ್ತಾರೆ ಎಂದು ಆ ಜೀವ ಹೆದರಿತು. ತನ್ನ ಮೆತ್ತನೆಯ ಕುಂಚ ತೆಗೆದು, ಬಣ್ಣ ತೆಳುಮಾಡಿ, ಆಕಾಶವನ್ನೆಲ್ಲ ಎರಡು ಕೋಟ್ ಎಳೆದು ನುಣ್ಣಗೆ ಮಾಡಿಟ್ಟು ಕೆಲಸಕ್ಕೆ ಹೋಯಿತು. ಮಗಳು ಎದ್ದು ನೋಡಿದರೆ ಅವಳ ಆಕಾಶ ಆಸ್ಪತ್ರೆಯ ಗೋಡೆಯಾಗಿತ್ತು.

ಸ್ಪರ್ಧೆಯ ಮೇಷ್ಟ್ರು ಆ ಚಿತ್ರವನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ಇದರಲ್ಲಿ ದೊಡ್ಡವರ ಕೈವಾಡ ಇದೆ ಎಂದು ಪಕ್ಕಕ್ಕಿಟ್ಟರು. ಸ್ಪರ್ಧೆ ಹೇಗಾಯಿತು ಎಂದು ಕೇಳಲು ಕೆಲಸದ ನಡುವೆ ಓಡಿಬಂದ ಅಪ್ಪನಿಗೆ ಗೇಟಿನ ಹತ್ತಿರ ಸಿಕ್ಕಿದ್ದು ಬಿಕ್ಕುವ ಮಗಳು. ಆಗ ಕೊಟ್ಟ ಮಾತು ಅದು.

ಅಪ್ಪನ ತಪ್ಪು ಏನು ಎಂದು ಮಗಳಿಗೆ ತಿಳಿಯಲು ಬಹಳ ವರ್ಷ ಹಿಡಿಯಿತು. ಗೆರೆ ಕಂಡರೆ ಕೂಲಿ ಇಲ್ಲ ಎನ್ನುವುದು ಅಪ್ಪನಿಗೆ ಅವರ ಮೇಸ್ತ್ರಿ ಕಲಿಸಿದ ಮೊದಲ ಪಾಠ. ಮೊದಲು ಅಡ್ಡ ಬಳಿ, ಆಮೇಲೆ ಉದ್ದ ಬಳಿ, ಕೊನೆಗೆ ಒಣ ಕುಂಚವನ್ನು ಮೇಲಿನಿಂದ ಕೆಳಗೆ ಉಸಿರು ಬಿಡುವಷ್ಟು ಹಗುರ ಎಳೆ. ಗೋಡೆ ನೋಡಿದವರಿಗೆ ಗೋಡೆ ಕಾಣಬೇಕು, ಬಳಿದವನು ಕಾಣಬಾರದು. ಹಾಗೆ ಅವರು ಶಾಲೆ ಬಳಿದರು, ಕಚೇರಿ ಬಳಿದರು, ಬಾಡಿಗೆ ಮನೆಗಳ ಕತ್ತಲ ಮೆಟ್ಟಿಲುಗಳನ್ನೆಲ್ಲ ಬಳಿದರು. ಊರಿಗೆಲ್ಲ ಬಣ್ಣ ಬಳಿದು ಸ್ವಂತ ಅಡುಗೆಮನೆಯ ಮಸಿ ಹಾಗೇ ಬಿಟ್ಟ ಪುಣ್ಯಾತ್ಮ ಎಂದು ಅಮ್ಮ ಈಗಲೂ ಚುಚ್ಚುತ್ತಾರೆ.

ಕೊಟ್ಟ ಮಾತನ್ನು ಅವರು ಉಳಿಸಿಕೊಂಡ ರೀತಿಯೂ ಅಷ್ಟೇ ನುಣುಪು. ಮಗಳು ಚಿತ್ರಕಲೆ ಕಲಿಯಲು ಹೋದಾಗ ಬೇಡ ಎನ್ನಲಿಲ್ಲ, ಏನು ಬರೆದೆ ಎಂದು ಕೇಳಲೂ ಇಲ್ಲ. ಮಗಳು ಫೋಟೊ ಸ್ಟುಡಿಯೊದಲ್ಲಿ ಹಳೆಯ ಫೋಟೊಗಳ ಕಲೆ ಅಳಿಸುವ ಕೆಲಸ ಮಾಡಿ, ಆಮೇಲೆ ಚಿತ್ರಶಾಲೆ ಸೇರಿದಾಗಲೂ ಅಷ್ಟೇ. ಈಗಲೂ ನಡುಮನೆಯಲ್ಲಿ ಒದ್ದೆ ಹಲಗೆ ಅಡ್ಡವಿದ್ದರೆ ಬಳಸಿಕೊಂಡು ಹೋಗುತ್ತಾರೆ, ಸರಿಸುವುದಿಲ್ಲ. ಒಂದು ಸಲ ಮಗಳು ಹಾಸುಬಟ್ಟೆಯ ಚಿತ್ರದ ಫೋಟೊ ತೋರಿಸಿದಾಗ ಬಹಳ ಹೊತ್ತು ನೋಡಿ, ಇನ್ನೊಂದು ಕೋಟ್ ಬಾಕಿ ಇದೆ ಎಂದು ವಾಪಸ್ಸು ಕೊಟ್ಟರು. ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ಮಗಳಿಗೆ ಇನ್ನೂ ಗೊತ್ತಿಲ್ಲ.

ಹಿಂದಿನ ವರ್ಷ ಅಪ್ಪನ ಬಲಗೈ ನಡುಗಲು ಶುರುವಾಯಿತು. ಒಂದು ಶಾಲೆಯ ಪಡಸಾಲೆ ಬಳಿಯುವಾಗ ಈಗಿನ ಮೇಸ್ತ್ರಿ, ಅವರೇ ಕೆಲಸ ಕಲಿಸಿದ ಹುಡುಗ, ಹತ್ತಿರ ಬಂದು ತಲೆ ತಗ್ಗಿಸಿ ಹೇಳಿದ: "ಯಜಮಾನ್ರೇ, ಗೆರೆ ಕಾಣ್ತಾ ಇದೆ." ಮನೆಗೆ ಬಂದ ಅಪ್ಪ ಕುಂಚಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು. ಅಂದಿನಿಂದ ಕಿಟಕಿಯ ಪಕ್ಕದ ಕುರ್ಚಿಯೇ ಅವರ ಜಾಗ. ಯಾರೂ ನೋಡದಿರುವಾಗ ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. ನಡುಕ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ ಎಂದು ಡಾಕ್ಟರು ಮಗಳನ್ನು ಹೊರಗೆ ಕರೆದು ಹೇಳಿದ್ದಾರೆ.

ಮಗಳಿಗೆ ಅಂದಿನಿಂದ ಒಂದೇ ಹಂಬಲ. "ಅರ್ಧ ಊರಿನ ಗೋಡೆ ನಮ್ಮಪ್ಪ ಬಳಿದಿದ್ದು. ಅದರಲ್ಲಿ ನಿಮ್ಮಪ್ಪ ಎಲ್ಲಿದ್ದಾರೆ ತೋರಿಸು ಅಂದ್ರೆ ನಂಗೆ ಆಗಲ್ಲ. ಇಲ್ಲದ ಹಾಗೆ ಬಳಿಯೋದೇ ಅವರ ಕೆಲಸ ಆಗಿತ್ತಲ್ಲ. ನಾನು ದಿನಾ ಯಾರ್ಯಾರದ್ದೋ ಕೈ ತೋರಿಸ್ತೀನಿ ಮಕ್ಕಳಿಗೆ. ಅವರ ಕೈ ಪೂರ್ತಿ ಹೋಗೋ ಮುಂಚೆ ನಂಗೆ ಒಂದು ಗೆರೆ ಬೇಕು. ಒಂದೇ ಒಂದು."

ಹಾಸುಬಟ್ಟೆಯ ಚಿತ್ರದ್ದೇ ಒಂದು ದೊಡ್ಡ ಹಲಗೆ ಮಾಡಿ, ಬಟ್ಟೆಯ ಕೆಳಗಿನ ಅಂಚನ್ನು ಖಾಲಿ ಬಿಟ್ಟು, ಅಪ್ಪನ ಕುರ್ಚಿಯ ಪಕ್ಕದಲ್ಲೇ ಒರಗಿಸಿಟ್ಟರು. ತಿಂಗಳುಗಳು ಕಳೆದವು. ಬಾಯಿ ಬಿಟ್ಟು ಕೇಳಿದಾಗಲೆಲ್ಲ ಅಪ್ಪನ ಉತ್ತರ ಒಂದೇ: ಮಾತು ಅಂದರೆ ಮಾತು. ಅದು ಮಾತಲ್ಲ, ಹಠ ಎನ್ನುವುದು ಅಮ್ಮನ ತೀರ್ಪು. ಹಠವೂ ಅಲ್ಲ, ಗೆರೆ ಕಾಣುವ ಭಯ ಎಂದು ಮಗಳಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಕಳೆದ ಶನಿವಾರ ಕೈ ಮಿಸ್ ಎದ್ದಾಗ ಗಂಟಲಲ್ಲಿ ದನಿಯೇ ಇರಲಿಲ್ಲ. ವಾರವಿಡೀ ಮಾತಾಡಿ ಮಾತಾಡಿ ಕಟ್ಟಿಹೋಗಿತ್ತು. ಮೈ ಬಿಸಿಯಿತ್ತು. ರಜೆ ಹಾಕಿದರೆ ಮೂರು ಶಾಲೆಯ ಮಕ್ಕಳು ಬಂದು ಬರೀ 'ಮುಟ್ಟಬೇಡಿ' ಓದಿಕೊಂಡು ಹೋಗುತ್ತಾರೆ. ಚೀಲ ಎತ್ತಲು ಹೋಗಿ ಬಾಗಿಲಿಗೆ ಒರಗಿ ನಿಂತ ಮಗಳನ್ನು ನೋಡಿ ಅಮ್ಮ ಕುರ್ಚಿಯ ಕಡೆ ತಿರುಗಿದರು.

"ಚೀಲಕ್ಕೆ ಕೈ ಹಾಕಲ್ಲ ಅಂತೇನೂ ಮಾತು ಕೊಟ್ಟಿಲ್ವಲ್ಲ? ಹಿಡ್ಕೊಂಡು ಹೋಗಿ ಅವಳ ಜೊತೆ."

ಅಪ್ಪ ಎದ್ದರು. ಮಗಳು ಆ ದೊಡ್ಡ ಹಲಗೆಯನ್ನೂ ಚೀಲಕ್ಕೆ ಸೇರಿಸಿದರು.

ಇಷ್ಟು ವರ್ಷದಲ್ಲಿ ಮಗಳು ಕೆಲಸ ಮಾಡುವ ಜಾಗಕ್ಕೆ ಅವರು ಬಂದದ್ದು ಅದೇ ಮೊದಲು. ಚಿತ್ರಗಳನ್ನು ಬಿಟ್ಟು ಮೊದಲು ನೋಡಿದ್ದು ಚಿತ್ರಗಳ ನಡುವಿನ ಗೋಡೆ. ಈ ಕೋಣೆಯನ್ನು ಒಂದು ಕಾಲದಲ್ಲಿ ತಾವೇ ಬಳಿದದ್ದು ಎಂದು ಕಾವಲುಗಾರರಿಗೆ ಹೇಳಿದರು. ಆಮೇಲೆ ಅದರ ಮೇಲೆ ಯಾರ್ಯಾರದ್ದು ಎಷ್ಟು ಕೋಟ್ ಬಿದ್ದಿದೆಯೋ ಎಂದೂ ಸೇರಿಸಿದರು. ಮಗಳಿಗೆ ಇದು ಗೊತ್ತಿರಲಿಲ್ಲ. ಅಪ್ಪ ಹಿಂದಿನ ಬೆಂಚಿನಲ್ಲಿ ಕೂತು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಕಲಿಸುವವರು ಪಿಸುಗುಟ್ಟಿದರೆ ಮಕ್ಕಳೂ ಪಿಸುಗುಟ್ಟುತ್ತಾರೆ. ಹಾಗಾಗಿ ಅವತ್ತು ಕೋಣೆಯಲ್ಲಿ ಎಂದೂ ಇಲ್ಲದ ಮೌನ. ಹೆಜ್ಜೆ ಹುಡುಕಿದ್ದಾಯಿತು, ಗಾಳಿಯಲ್ಲಿ ಗೆರೆ ಎಳೆದದ್ದಾಯಿತು. ಕೊನೆಗೆ ಪಕ್ಕದ ಕೋಣೆಯ ಮೇಜಿನ ಸುತ್ತ ಸೇರಿ ಪ್ರತಿ ಮಗುವೂ ಒಂದು ಹಲಗೆಯ ಮೇಲೆ ದಪ್ಪ ಬಿಳಿ ಬಣ್ಣದಲ್ಲಿ ಒಂದೊಂದು ಗೆರೆ ಎಳೆಯಬೇಕು. ಅಪ್ಪನೂ ಎದ್ದು ಬಂದು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತರು.

ಎರಡು ಜಡೆಯ ಒಬ್ಬ ಹುಡುಗಿಯ ಸರದಿ ಬಂತು. ಗೆರೆ ಎಳೆದಳು. ಅದು ಸೊಟ್ಟಗಾಯಿತು, ನಡುವೆ ಮುದ್ದೆ ಕಟ್ಟಿತು. ಅವಳ ಮುಖ ಸಪ್ಪಗಾಯಿತು. ಯಾರೂ ನೋಡುವ ಮೊದಲೇ ಸರಿಮಾಡಿಬಿಡೋಣ ಎಂದು ಕುಂಚವನ್ನು ಹಿಂದೆ ಮುಂದೆ ಆಡಿಸಿ ಉಜ್ಜತೊಡಗಿದಳು. ಮೇಜಿನ ಆ ಕಡೆ ಇದ್ದ ಮಿಸ್ ಕೈ ಎತ್ತಿದರು, ಬಾಯಿ ತೆರೆದರು. ದನಿ ಬರಲಿಲ್ಲ.

"ಬಿಡು ಪುಟ್ಟಾ. ಉಜ್ಜಬೇಡ."

ಸ್ಟೂಲಿನ ಕಡೆಯಿಂದ ಬಂದ ದನಿ. ಮಗಳು ತಿರುಗಿದರು.

ಚೆನ್ನಾಗಿ ಬಂದಿಲ್ಲ ತಾತಾ ಎಂದಳು ಹುಡುಗಿ.

"ಚೆನ್ನಾಗಿ ಮಾಡ್ತೀನಿ ಅಂತ ನಾನೂ ಒಂದ್ಸಲ ಉಜ್ಜಿದ್ದೆ. ಆಮೇಲೆ ಅದು ಯಾರದ್ದೂ ಅಲ್ಲದ ಹಾಗೆ ಆಗೋಯ್ತು. ನಿನ್ನ ಕೈ ಅದು. ಇರಲಿ ಬಿಡು."

ಹುಡುಗಿ ಕುಂಚವನ್ನು ಅವರ ಕಡೆಗೇ ಚಾಚಿದಳು. "ಹಂಗಾದ್ರೆ ನೀವು ಒಂದು ಹಾಕಿ ತೋರ್ಸಿ."

ಅಪ್ಪ ತಮ್ಮ ಬಲಗೈ ನೋಡಿಕೊಂಡರು. ಆಮೇಲೆ ಮಗಳನ್ನು ನೋಡಿದರು. ಮಗಳು ಚೀಲದಿಂದ ದೊಡ್ಡ ಹಲಗೆ ತೆಗೆದು, ಖಾಲಿ ಅಂಚು ಅಪ್ಪನ ಕಡೆಗೆ ಬರುವ ಹಾಗೆ ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದು ನಿಂತರು.

ಅಪ್ಪ ಕುಂಚ ತೆಗೆದುಕೊಂಡರು. ಬಣ್ಣ ಅದ್ದಿದರು. ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದುಕೊಂಡು ಎಡದಿಂದ ಬಲಕ್ಕೆ ಎಳೆದರು. ಕೈ ನಡುಗಿತು, ಬಣ್ಣ ಅಲೆಅಲೆಯಾಗಿ ಬಿತ್ತು, ಎರಡು ಕಡೆ ಹಲಗೆಯೇ ಕಾಣಿಸಿತು. ಗೆರೆ ಮುಗಿದ ಮೇಲೆ ಕುಂಚ ತಾನಾಗಿ ಮತ್ತೆ ಮೇಲೆದ್ದಿತು, ನುಣ್ಣಗೆ ಮಾಡುವ ಆ ಹಗುರದ ಕೊನೆಯ ಎಳೆತಕ್ಕೆ. ಜೀವಮಾನದ ಅಭ್ಯಾಸ. ಹಲಗೆಯಿಂದ ಒಂದು ಬೆರಳು ಮೇಲೆ ಅದು ನಿಂತಿತು. ಅಪ್ಪ ಕುಂಚವನ್ನು ಮೇಜಿನ ಮೇಲಿಟ್ಟರು.

"ತಾತಾ, ನಿಮ್ಮ ಗೆರೆ ನಡುಗಿದೆ" ಎಂದಳು ಹುಡುಗಿ.

"ಹೂಂ ಮಗಾ. ನಡುಗೋ ಕೈ. ನಡುಗಿದೆ."

ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಹತ್ತಿರದಿಂದ ನೋಡಿದರು. ಒಬ್ಬನ ತೋಳು ಆಗಲೇ ಗಾಳಿಯಲ್ಲಿ ಆ ಗೆರೆಯನ್ನು ಎಳೆಯತೊಡಗಿತ್ತು, ನಡುಕದ ಸಮೇತ. ಅಣಕವಲ್ಲ ಅದು. ಮಿಸ್ ಕಲಿಸಿದ ಹಾಗೆಯೇ ಎಳೆಯುತ್ತಿದ್ದ.

ದಪ್ಪ ಬಣ್ಣ ಒಣಗಲು ವಾರಗಳೇ ಬೇಕು. ಹಲಗೆ ಈಗ ಮನೆಯ ಬೀರುವಿನ ಮೇಲಿದೆ. ಅಮ್ಮ ಬಂದವರಿಗೆಲ್ಲ ತೋರಿಸಿ, ಅಡುಗೆಮನೆ ಗೋಡೆ ಯಾವಾಗಲೋ ಎಂದು ಕೇಳುತ್ತಾರೆ. ಕೈ ಮಿಸ್‌ಗೆ ದನಿ ಅರ್ಧ ಮರಳಿದೆ, ಆಸೆ ಇಷ್ಟೇ: "ಒಣಗಿದ ಮೇಲೆ ಇದನ್ನೂ ಚೀಲಕ್ಕೆ ಹಾಕ್ಕೋತೀನಿ. ಮಕ್ಕಳು ಮುಟ್ಟಿ ಮುಟ್ಟಿ ಸವೆಸಲಿ. ಇಲ್ಲಿ ಯಾರ ಕೈ ಇದೆ ಮಿಸ್ ಅಂತ ಕೇಳ್ತಾರಲ್ಲ, ನಮ್ಮಪ್ಪಂದು ಅಂತ ಹೇಳ್ಬೇಕು. ಅಷ್ಟೇ ನಂಗೆ."

ಶಾಲೆಯ ಗೇಟಿನ ಪಕ್ಕದಲ್ಲಿ ಕೊಟ್ಟ ಮಾತನ್ನು ಅಪ್ಪ ಮುರಿದಿದ್ದಾರೆ.